ಟಾಪ್‌ಹ್ಯಾಮ್ ಪೆಟ್ಟಿಗೆ

ಟಾಪ್‌ಹ್ಯಾಮ್ ಪೆಟ್ಟಿಗೆಯು ವಿಸ್ಕೋಸ್ ರೇಯಾನ್ ನೂಲುವ ಯಂತ್ರದಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಪಾತ್ರೆ. ಇಂಗ್ಲೆಂಡಿನ ಚಾರ್ಲ್ಸ್ ಫ್ರೆಡ್ ಟಾಪ್‌ಹ್ಯಾಮ್ ಇದನ್ನು 1900ರಲ್ಲಿ ರೂಪಿಸಿದನು. ಗಂಧಕಾಮ್ಲದ ತೊಟ್ಟಿಯಲ್ಲಿ ಗಟ್ಟಿಗೊಂಡ ಎಳೆಗಳು ಮೇಲೆ ಕೆಳಗೆ ಚಲಿಸುವ ಆಲಿಕೆಯ ಮೂಲಕ ಇದರೊಳಕ್ಕೆ ಇಳಿಯುತ್ತವೆ. ಕೇಂದ್ರಾಪಗಾಮಿ ಬಲದಿಂದ ಒಳಗೋಡೆಗೆ ಒತ್ತಲ್ಪಟ್ಟು, ಹುರಿಗೊಂಡು, ‘ಕೇಕ್’ ಎಂಬ ಟೊಳ್ಳು ಸುರುಳಿಯಾಗುತ್ತವೆ.

ಈ ವೇಗದಲ್ಲಿ ಸುರುಳಿ ಸ್ವಲ್ಪ ಓರೆಯಾದರೂ ಪೆಟ್ಟಿಗೆ ಕಂಪಿಸಿ ಬೇರಿಂಗ್ ಸವೆಯುತ್ತದೆ, ನೂಲು ಹರಿಯುತ್ತದೆ. ಆದರೆ ಕೆಲವೊಮ್ಮೆ ದೋಷ ಯಂತ್ರದ್ದಲ್ಲ, ದ್ರಾವಣದ್ದು: ಗಾಳಿಗುಳ್ಳೆ ಅಥವಾ ಕರಗದ ಕಣವೊಂದು ಸ್ಪಿನ್ನರೆಟ್ಟಿನ ಸೂಕ್ಷ್ಮ ರಂಧ್ರದಲ್ಲಿ ಎಳೆಯನ್ನು ಕಡಿಯುತ್ತದೆ. ಆದ್ದರಿಂದಲೇ ವಿಸ್ಕೋಸನ್ನು ಮೊದಲೇ ಹಲವು ಬಾರಿ ಸೋಸಿ, ನಿರ್ವಾತದಲ್ಲಿ ಗಾಳಿ ತೆಗೆಯುತ್ತಾರೆ.

ಹರಿದ ನೂಲನ್ನು ಮತ್ತೆ ಹಿಡಿಯಲು ಯಂತ್ರದ ಗಾಜಿನ ಮುಚ್ಚಳ ತೆರೆಯಬೇಕು. ಆಗ ಕಾರ್ಮಿಕನು ಕಾರ್ಬನ್ ಡೈಸಲ್ಫೈಡ್ ಆವಿಗೆ ಒಡ್ಡಿಕೊಳ್ಳುತ್ತಾನೆ; ದೀರ್ಘಕಾಲ ಉಸಿರಾಡಿದರೆ ಅದು ನರಮಂಡಲವನ್ನೂ ಹೃದಯವನ್ನೂ ಕೆಡಿಸುತ್ತದೆ.