ಬಳ್ಳಿಗಾವೆ: ಕಲ್ಲಿನ ರಕ್ಷಣೆ, ಊರಿನ ರಕ್ಷಣೆ

ಶರಣಸಾಹಿತ್ಯದ ಅಭ್ಯಾಸಿಗಳಿಗೆ ಬಳ್ಳಿಗಾವೆಯು ಅಲ್ಲಮಪ್ರಭುಗಳ ಊರೆಂದು ಪರಿಚಿತವಾಗಿದೆ. ಶಿಕಾರಿಪುರ ತಾಲ್ಲೂಕಿನ ಈ ಸಣ್ಣ ಗ್ರಾಮವು ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ ಮೆರೆದಿತ್ತು. ಮೂರು ಗರ್ಭಗೃಹಗಳ ಕೇದಾರೇಶ್ವರ ಗುಡಿ, ತ್ರಿಪುರಾಂತಕೇಶ್ವರ ಗುಡಿ, 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಕಂಬ ಇವು ಆ ವೈಭವಕ್ಕೆ ಉಳಿದ ಸಾಕ್ಷಿಗಳು.

ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂಬುದು ಶರಣರ ನಿಲುವು. ಹಾಗಿರುವಾಗ ಶರಣಧರ್ಮದ ಅನುಯಾಯಿಗಳು ಹಳೆಯ ಕಲ್ಲುಗಳನ್ನು ಏಕೆ ಕಾಯಬೇಕು? ಈ ಪ್ರಶ್ನೆಗೆ ಬಳ್ಳಿಗಾವೆಯೇ ಉತ್ತರವೀಯುತ್ತದೆ.

ಇಲ್ಲಿನ ಕೋಡಿಯ ಮಠವು ಕಾಳಾಮುಖ ಪರಂಪರೆಗೆ ಸೇರಿದುದು. ಬಿಜ್ಜಳನ ಕಾಲದ 1162ರ ಶಾಸನವು ಅದರ ದಿನಚರಿಯನ್ನೇ ಕಣ್ಣಮುಂದೆ ನಿಲ್ಲಿಸುತ್ತದೆ. ಅಲ್ಲಿ ನಾಲ್ಕು ವೇದಗಳು, ವ್ಯಾಕರಣ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದಿತು, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ದೊರೆಯುತ್ತಿದ್ದಿತು, ರೋಗಿಗಳಿಗೆ ಚಿಕಿತ್ಸೆಯಿದ್ದಿತು, ಸಕಲ ಜೀವಿಗಳಿಗೂ ಅಭಯವಿದ್ದಿತು. ಆ ಜಂಗಮಸ್ವರೂಪದ ಸೇವೆ ಇಂದು ನಮಗೆ ತಿಳಿದಿರುವುದು ಒಂದು ಸ್ಥಾವರದ ಕಲ್ಲು ಅಳಿಯದೆ ಉಳಿದುದರಿಂದ. ಆ ಶಿಲೆ ಯಾರದೋ ಮನೆಯ ಹೊಸ್ತಿಲೋ ಬಟ್ಟೆ ಒಗೆಯುವ ಬಂಡೆಯೋ ಆಗಿದ್ದರೆ ಮಠದ ನೆನಪೇ ಅಳಿಯುತ್ತಿದ್ದಿತು.

ಹರಿಹರನ ಪ್ರಭುದೇವರ ರಗಳೆಯ ಪ್ರಸಂಗವೂ ಇಲ್ಲಿ ಸ್ಮರಣೀಯ. ಕಾಮಲತೆಯ ಅಗಲಿಕೆಯಿಂದ ನೊಂದ ಅಲ್ಲಮನು ಕಾಲುಗುರಿನಿಂದ ನೆಲವನ್ನು ಕೆದಕುತ್ತಿರಲು ಹೂತುಹೋದ ಗುಡಿಯ ಹೊನ್ನ ಕಳಸ ಕಾಣಿಸಿಕೊಂಡಿತು. ನೆಲವನ್ನು ಅಗೆಸಿ ಒಳಹೊಕ್ಕವನು ಹೊನ್ನಿಗೆ ಮನಸೋಲಲಿಲ್ಲ. ಅನಿಮಿಷಯ್ಯನ ಕರತಲದ ಲಿಂಗವನ್ನು ಪಡೆದನು. ಗುಡಿಯು ಬೆಳಕಿಗೆ ಬಂದುದು ಸಾರ್ಥಕವಾದುದು ಒಳಗಿನ ಅರಿವು ಮುಂದಿನವರ ಕೈಸೇರಿದುದರಿಂದ.

ಆದುದರಿಂದ ಗುಡಿಯ ಸುತ್ತ ಬೇಲಿ ಹಾಕಿದ ಮಾತ್ರಕ್ಕೆ ರಕ್ಷಣೆ ಮುಗಿಯದು. ಕೋಡಿಯ ಮಠವೆಂಬ ಹೆಸರೇ ಕೆರೆಯ ಕೋಡಿಯನ್ನು ನೆನಪಿಗೆ ತರುತ್ತದೆ. ಕೆರೆ ಬತ್ತಿದರೆ ಆ ಹೆಸರೂ ಅರ್ಥಶೂನ್ಯವಾದೀತು. ಕೆರೆ, ಕೇರಿ, ಹಳೆಯ ಸ್ಥಳನಾಮಗಳು, ಜಾತ್ರೆ, ದಾಸೋಹ ಇವೆಲ್ಲ ಕೂಡಿಯೇ ಊರಿನ ಚಹರೆ. ಪುರಾತತ್ತ್ವ ಇಲಾಖೆಯು ಕಲ್ಲನ್ನು ಕಾಯಬಲ್ಲುದು. ಚಹರೆಯನ್ನು ಕಾಯಬೇಕಾದವರು ಊರವರೇ. ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನಗಳಿಗೆ ಸುಣ್ಣ ಬಳಿಯದೆ, ಶಿಲ್ಪಗಳ ಮೇಲೆ ಬಣ್ಣ ಹಚ್ಚದೆ, ಮಕ್ಕಳನ್ನು ಕರೆತಂದು ಆ ಅಕ್ಷರಗಳನ್ನು ಓದಿಸುವುದು ಗುರುಸೇವೆಗೆ ಸಮಾನವಾದ ಕಾಯಕ.