ಸೂರಿನ ಕೆಳಗೆ ಹುಟ್ಟಿದ ಆಟ

ಮುಂಬಯಿಯ ಮಳೆಗಾಲವೆಂದರೆ ನಮ್ಮ ಮಕ್ಕಳಿಗೆ ನಾಲ್ಕು ತಿಂಗಳ ಸೆರೆವಾಸ. ಹೊರಗೆ ಕೆಸರು, ಒಳಗೆ ಎರಡು ಕೋಣೆಗಳ ಮನೆ. ಜಿಗಿದರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ, ಚೆಂಡೆಸೆದರೆ ಕಿಟಕಿಯ ಗಾಜು ಉಳಿಯುವುದಿಲ್ಲ. "ಸುಮ್ಮನೆ ಕೂತಿರಿ" ಎಂದು ಗದರಿಸುವ ನಾವಾದರೋ, ಊರ ಬಯಲಿನಲ್ಲಿ ಲಗೋರಿ, ಚಿನ್ನಿದಾಂಡುಗಳನ್ನಾಡಿ ಬೆಳೆದವರು! ಇಂಥದೇ ಇಕ್ಕಟ್ಟಿನಿಂದ ಜಗತ್ಪ್ರಸಿದ್ಧವಾದ ಒಂದು ಆಟ ಹುಟ್ಟಿದ ಕಥೆಯನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ಓದುಗರ ಮುಂದಿಡಬೇಕೆಂದು ನಮ್ಮ ಆಸೆ. ಆ ಆಟವೇ ಬ್ಯಾಸ್ಕೆಟ್‌ಬಾಲ್.

ಅದು 1891ರ ಚಳಿಗಾಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ವೈ. ಎಂ. ಸಿ. ಎ. ಕಾರ್ಯಕರ್ತರನ್ನು ತರಬೇತುಗೊಳಿಸುವ ಶಾಲೆಯೊಂದಿತ್ತು. ಚಳಿ ಬಂದು ಮೈದಾನದ ಆಟಗಳೆಲ್ಲ ನಿಂತವು. 18 ಮಂದಿ ತರುಣರ ಒಂದು ತರಗತಿಗೆ ವ್ಯಾಯಾಮಶಾಲೆಯ ಒಳಗಿನ ಕವಾಯತು ತೀರ ಬೇಸರ ತಂದಿತು. ಇಬ್ಬರು ಶಿಕ್ಷಕರು ಅವರನ್ನು ತಹಬಂದಿಗೆ ತರಲಾರದೆ ಸೋತರು. ಆಗ ವ್ಯಾಯಾಮ ವಿಭಾಗದ ಮುಖ್ಯಸ್ಥರಾದ ಲೂಥರ್ ಗುಲಿಕ್ ಆ ತರಗತಿಯನ್ನು ಜೇಮ್ಸ್ ನೈಸ್ಮಿತ್ ಎಂಬ ಮೂವತ್ತರ ಉಪಾಧ್ಯಾಯರಿಗೆ ಒಪ್ಪಿಸಿದರು. ಸೂರಿನ ಕೆಳಗೆ ಆಡಬಹುದಾದ ಹೊಸ ಆಟವೊಂದನ್ನು ಹುಡುಕಲು ಅವರಿಗಿದ್ದ ಗಡುವು ಎರಡೇ ವಾರ.

ನೈಸ್ಮಿತ್ ಆ ಊರಿನವರಲ್ಲ. ನಮ್ಮ ಹಾಗೆಯೇ ಪರಸ್ಥಳದಿಂದ ಬಂದವರು. 1861ರಲ್ಲಿ ಕೆನಡಾ ದೇಶದ ಆಲ್ಮಾಂಟ್ ಎಂಬಲ್ಲಿ ಹುಟ್ಟಿ, ಎಳೆವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿ ಬೆಳೆದವರು. ಮೊದಲು ಅವರು ಫುಟ್‌ಬಾಲ್, ಲಕ್ರಾಸ್ ಮುಂತಾದ ಬಯಲಿನ ಆಟಗಳನ್ನೇ ಒಳಗೆ ತಂದು ನೋಡಿದರು. ಗಟ್ಟಿ ನೆಲ, ಸುತ್ತಲೂ ಗೋಡೆ; ಹುಡುಗರಿಗೆ ಪೆಟ್ಟಾದುದೇ ಫಲ. ಗಡುವು ಮುಗಿಯುತ್ತ ಬಂದಾಗ ಅವರಿಗೆ ತಮ್ಮ ಹಳ್ಳಿಯ ಆಟವೊಂದು ನೆನಪಾಯಿತು.

'ಡಕ್ ಆನ್ ಎ ರಾಕ್' ಎಂದು ಅದರ ಹೆಸರು. ಬಂಡೆಯ ಮೇಲೊಂದು ಸಣ್ಣ ಕಲ್ಲನ್ನಿಟ್ಟು, ದೂರದಿಂದ ಕಲ್ಲೆಸೆದು ಅದನ್ನು ಉರುಳಿಸಬೇಕು. ನಮ್ಮ ಲಗೋರಿಗೆ ದೂರದ ನೆಂಟನೆನ್ನಬಹುದು. ರಭಸದಿಂದ ಎಸೆದವನ ಕಲ್ಲು ಗುರಿ ತಪ್ಪಿದರೆ ಬಹುದೂರ ಹೋಗಿ ಬೀಳುವುದು. ಅದನ್ನು ತರುವಷ್ಟರಲ್ಲಿ ಕಾವಲಿನವನು ಅವನನ್ನು ಮುಟ್ಟಿಬಿಡುವನು. ಕಮಾನಿನಂತೆ ಮೇಲಕ್ಕೆ ಹದವಾಗಿ ಎಸೆದವನಿಗೇ ಜಯ.

ಈ ನೆನಪಿನಿಂದ ಹೊಸ ಆಟದ ಗುಟ್ಟು ಬಿಚ್ಚಿತು. ಗುರಿಯನ್ನು ತಲೆಗಿಂತ ಎತ್ತರದಲ್ಲಿಟ್ಟರೆ ಬಲಕ್ಕಿಂತ ಹದವೇ ಮೇಲಾಗುವುದು. ಚೆಂಡು ಹಿಡಿದು ಓಡಕೂಡದೆಂದರೆ, ಓಡುವವನನ್ನು ಕೆಡವುವ ಪ್ರಸಂಗವೇ ಬಾರದು. ನೈಸ್ಮಿತ್ ಶಾಲೆಯ ಜವಾನನನ್ನು ಎರಡು ಪೆಟ್ಟಿಗೆ ಕೇಳಿದರು. ಅವನಲ್ಲಿ ಪೆಟ್ಟಿಗೆ ಇರಲಿಲ್ಲ. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳಿದ್ದವು. ಅವನ್ನೇ ಉಪ್ಪರಿಗೆಯ ಕಟಾಂಜನಕ್ಕೆ ಮೊಳೆ ಹೊಡೆದು ನಿಲ್ಲಿಸಿದರು. ಆ ಎತ್ತರ ಸುಮಾರು 10 ಅಡಿ. ಇಂದಿಗೂ ಅದೇ ಎತ್ತರ. 13 ನಿಯಮಗಳನ್ನು ಬೆರಳಚ್ಚು ಮಾಡಿಸಿ ಗೋಡೆಗೆ ಹಚ್ಚಿ, 1891ರ ಡಿಸೆಂಬರ್ 21ರಂದು ಕಡೆಗೆ ಒಂಬತ್ತು ಮಂದಿಯಂತೆ ಆಟ ನಡೆಯಿತು. ಬುಟ್ಟಿಯೊಳಗೆ ಬಿದ್ದ ಚೆಂಡು ಒಂದೇ ಒಂದು! ಬುಟ್ಟಿಗೆ ಬುಡವಿದ್ದುದರಿಂದ ಅದನ್ನು ಹತ್ತಿ ತೆಗೆಯಬೇಕಾಗಿತ್ತು.

ಆಟ ಹುಡುಗರಿಗಷ್ಟೇ ಮೀಸಲಾಗಿ ಉಳಿಯಲಿಲ್ಲ. ಮರುವರ್ಷವೇ, ಅಂದರೆ 1892ರಲ್ಲಿ, ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ತಮ್ಮ ವಿದ್ಯಾರ್ಥಿನಿಯರಿಗಾಗಿ ಅದನ್ನು ಮಾರ್ಪಡಿಸಿ ಆಡಿಸಿದರು. ಇವರೂ ಲಿಥುವೇನಿಯಾದಿಂದ ವಲಸೆ ಬಂದ ಮನೆತನದವರು. ನಮ್ಮ ದೇಶದಲ್ಲಿ, ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ತೆರೆದು, ಊರೂರಿನ ಶಾಲೆಗಳಿಗೆ ಆಟದ ಮೇಷ್ಟರುಗಳನ್ನು ಸಿದ್ಧಗೊಳಿಸಿದರು. ಬ್ಯಾಸ್ಕೆಟ್‌ಬಾಲಿಗೆ ಹೆಸರಾದ ನಾಗಪಾಡಾ ನಮ್ಮ ಮುಂಬಯಿಯಲ್ಲಿಯೇ ಇದೆ.

ಹೊರಗಿನ ಆಟ ನಮ್ಮಲ್ಲಿಗೆ ಬಂತು, ಸಂತೋಷ. ನಮ್ಮ ಆಟಗಳಿಗೆ ಸೂರಿನ ಕೆಳಗೆ ಸ್ಥಳವಿಲ್ಲವೆ? ಇದೆ. 2025ರ ಜನವರಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ದಿಲ್ಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಚಾಪೆಯ ಮೇಲೆ ನಡೆಯಿತು. ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿ ಮೈಸೂರು ಸೀಮೆಯ ಕುರುಬೂರಿನ ಚೈತ್ರಾ ಇದ್ದರೆಂಬುದು ನಮಗೆಲ್ಲ ಹೆಮ್ಮೆ.

ಸೋದರ ಸೋದರಿಯರೇ, ನೈಸ್ಮಿತ್ ಪರಸ್ಥಳಕ್ಕೆ ಬರುವಾಗ ಊರಿನ ಕಲ್ಲುಬಂಡೆಯನ್ನು ತರಲಿಲ್ಲ. ಆಟದ ನೆನಪನ್ನು ತಂದರು. ನಮ್ಮಲ್ಲಿಯೂ ಅಂಥ ನೆನಪುಗಳಿವೆ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಲಗೋರಿಯನ್ನು ಕಂಡಿದ್ದಾರೆ? ನಾವು ಕಲಿಸದಿದ್ದರೆ ಈ ಊರಿನಲ್ಲಿ ಅದು ನಮ್ಮೊಂದಿಗೇ ಮುಗಿಯುವುದು. ಸಂಘದ ಸಭಾಗೃಹದ ಕುರ್ಚಿಗಳನ್ನು ಭಾನುವಾರ ಒಂದು ಗಂಟೆ ಬದಿಗೆ ಸರಿಸೋಣ. ಕಲ್ಲಿನ ಬದಲು ಏಳು ಮರದ ಬಿಲ್ಲೆ, ರಬ್ಬರಿನ ಬದಲು ಬಟ್ಟೆಯ ಚೆಂಡು ಸಾಕು. ಬಿಲ್ಲೆಗಳನ್ನು ಮತ್ತೆ ಪೇರಿಸುವಾಗ ಮಕ್ಕಳು ಒಂದರಿಂದ ಏಳರವರೆಗೆ ಕನ್ನಡದಲ್ಲಿಯೇ ಎಣಿಸಲಿ. ಮಳೆ ಬೇಕಾದರೆ ಹೊರಗೆ ಸುರಿಯುತ್ತಿರಲಿ.