ಕೊರಿಯಾ ಯುದ್ಧದಲ್ಲಿ ಭಾರತ: ಬೆನಗಲ್ ನರಸಿಂಗ ರಾಯರಿಂದ ತಿಮ್ಮಯ್ಯನವರವರೆಗೆ

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದವರು ಬೆನಗಲ್ ನರಸಿಂಗ ರಾಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ, ಮುಂದೆ ಐಸಿಎಸ್ ಅಧಿಕಾರಿಯಾಗಿ, ಸಂವಿಧಾನ ಸಭೆಯ ಸಲಹೆಗಾರರಾಗಿ ದುಡಿದ ಸಾರಸ್ವತ ಮನೆತನದವರು.  ಮಂಗಳೂರಿನ ಕರಾವಳಿಯಲ್ಲಿ ರಾಯರ ಹೆಸರು ಸಂವಿಧಾನದ ಕರಡಿನ ಜೊತೆ ಬರುತ್ತದೆ, ಕೊರಿಯಾದ ಜೊತೆ ಬರುವುದು ಅಪರೂಪ. ಸ್ವತಂತ್ರ ಭಾರತದ ಸೈನಿಕರು ಪರದೇಶದ ಯುದ್ಧವೊಂದಕ್ಕೆ ಯಾವ ಷರತ್ತಿನ ಮೇಲೆ ಹೋಗಬೇಕು ಎಂಬ ಪ್ರಶ್ನೆ ಮೊದಲು ಎದುರಾದದ್ದು ಅವರು ಕೂತಿದ್ದ ಆ ಮೇಜಿನ ಮೇಲೆ.

ಜೂನ್ 25ರ ನಿರ್ಣಯ ಉತ್ತರ ಕೊರಿಯಾದ ಸೇನೆ ಹಿಂದೆ ಸರಿಯಬೇಕೆಂದು ಕೇಳಿತು. ಭಾರತ ಪರವಾಗಿ ಮತ ಹಾಕಿತು. ಚೀನಾದ ಸ್ಥಾನದ ತಕರಾರಿನಿಂದ ಸೋವಿಯೆತ್ ಪ್ರತಿನಿಧಿ ಸಭೆಯನ್ನು ಬಹಿಷ್ಕರಿಸಿದ್ದರು. 27ರಂದು ದಕ್ಷಿಣಕ್ಕೆ ನೆರವು ನೀಡಲು ಕರೆಕೊಟ್ಟ ಎರಡನೆಯ ನಿರ್ಣಯ ಬಂದಾಗ ದೆಹಲಿಯ ಸೂಚನೆ ಕೈಸೇರಿರಲಿಲ್ಲವಾಗಿ ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಎರಡು ದಿನದ ಬಳಿಕ ಭಾರತ ಅದನ್ನೂ ಒಪ್ಪಿಕೊಂಡಿತು.

ಚರಿತ್ರೆಯ ಪುಸ್ತಕಗಳು ಹೆಚ್ಚಾಗಿ ಈ ಎರಡು ದಿನಗಳ ಸುತ್ತಲೇ ನಿಲ್ಲುತ್ತವೆ. ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಜುಲೈ 7. ಕಳುಹಿಸುವ ಪಡೆಗಳನ್ನೆಲ್ಲ ಅಮೆರಿಕದ ಅಧಿಪತ್ಯದಡಿ ಒಂದುಗೂಡಿಸಿ, ವಿಶ್ವಸಂಸ್ಥೆಯ ಬಾವುಟ ಬಳಸಲು ಅನುಮತಿಸುವ ನಿರ್ಣಯ ಅಂದು ಬಂತು. ಈಜಿಪ್ಟ್, ಯುಗೊಸ್ಲಾವಿಯಾಗಳಂತೆ ಭಾರತವೂ ತಟಸ್ಥವಾಗಿ ಉಳಿಯಿತು. ಆಕ್ರಮಣ ತಪ್ಪು ಎನ್ನುವುದು ಒಂದು, ಇನ್ನೊಂದು ದೇಶದ ಸೇನಾಪತಿಯ ಕೈಗೆ ನಮ್ಮ ಸೈನಿಕರನ್ನು ಒಪ್ಪಿಸುವುದು ಇನ್ನೊಂದು. ಈ ಎರಡರ ನಡುವೆ ಗೆರೆ ಬಿದ್ದದ್ದು ಆ ದಿನ. ದೇಶ ವಿಭಜನೆಯ ಗಾಯ ಹಸಿಯಾಗಿತ್ತು, ಕಾಶ್ಮೀರದ ವಿವಾದ ಅದೇ ಮಂಡಳಿಯ ಮುಂದಿತ್ತು, ಸೇನೆ ಗಡಿ ಬಿಟ್ಟು ಕದಲುವ ಸ್ಥಿತಿಯಲ್ಲಿರಲಿಲ್ಲ. ಆಗಸ್ಟ್‌ನಲ್ಲಿ ಪಾರ್ಲಿಮೆಂಟು ನೆಹರೂ ಅವರ ನಿಲುವನ್ನು ಅನುಮೋದಿಸಿತು. ಆದರೂ ಟೀಕೆ ಎರಡೂ ಕಡೆಯಿಂದ ಬಂತು: ಅಮೆರಿಕಕ್ಕೆ ತಲೆಬಾಗಿದಿರಿ ಎಂದು ಎಡಪಂಥೀಯರು, ಮತ ಹಾಕಿದ ಮೇಲೆ ಬಂದೂಕು ಏಕಿಲ್ಲ ಎಂದು ಇನ್ನುಳಿದವರು.

ಬಂದೂಕಿನ ಬದಲು ಹೋದದ್ದು ವೈದ್ಯರ ದಳ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ 1950ರ ನವೆಂಬರ್‌ನಲ್ಲಿ ಪೂಸಾನ್ ಬಂದರಿನಲ್ಲಿ ಇಳಿಯಿತು. ಇದನ್ನು ಯುದ್ಧದಿಂದ ದೂರವಿದ್ದ ಸೇವೆ ಎನ್ನಲಾಗದು. 1951ರ ಮಾರ್ಚ್ 23ರಂದು ಮುನ್ಸಾನ್‌ನಲ್ಲಿ ಅಮೆರಿಕದ ಛತ್ರಿ ಸೈನಿಕರ ಜೊತೆ ರಂಗರಾಜ್ ಮತ್ತು ಅವರ ಸಂಗಡಿಗರು ತಾವೂ ಧುಮುಕಿ ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು.

ಅತ್ತ ರಾಯರು 1950ರ ಡಿಸೆಂಬರ್‌ನಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಅವರೊಡನೆ ಕದನ ವಿರಾಮ ಸಮಿತಿಯಲ್ಲಿದ್ದರು. ಆ ಹೊತ್ತಿಗೆ ಉತ್ತರದ ಪರವಾಗಿ ಯುದ್ಧಕ್ಕಿಳಿದಿದ್ದ ಚೀನಾ ಒಪ್ಪಲಿಲ್ಲ. ಹೀಗಿದ್ದೂ 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರನೆಂದು ಸಾರುವ ನಿರ್ಣಯದ ವಿರುದ್ಧ ಭಾರತ ಮತ ಹಾಕಿತು.

ಯುದ್ಧ ನಿಂತ ಮೇಲೆ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೋದರು. ಮರಳಲು ಒಪ್ಪದ ಯುದ್ಧಕೈದಿಗಳ ವಿಷಯಕ್ಕೆಂದು ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ಕೈದಿಗಳ ಕಾವಲಿಗೆ ಮೇಜರ್ ಜನರಲ್ ಥೋರಾಟ್ ಅವರ ಕೈಕೆಳಗೆ ಸುಮಾರು 6,000 ಸೈನಿಕರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯರು ತನ್ನ ನೆಲಕ್ಕೆ ಕಾಲಿಡಕೂಡದೆಂದು ಹಟ ಹಿಡಿದ ಕಾರಣ, ಅವರನ್ನು ಅಮೆರಿಕದ ಹೆಲಿಕಾಪ್ಟರುಗಳು ನೇರವಾಗಿ ಸೇನಾರಹಿತ ವಲಯಕ್ಕೆ ಒಯ್ದವು. ವಿಶ್ವಸಂಸ್ಥೆಯ ಪಡೆ ಒಪ್ಪಿಸಿದ ಕೈದಿಗಳು 22,604. ಉತ್ತರದ ಕಡೆಯಿಂದ ಬಂದವರು 359.

ತಾಯ್ನಾಡಿಗೆ ಮರಳುವಂತೆ ಕೈದಿಗಳಿಗೆ ವಿವರಿಸುವ 90 ದಿನಗಳ ಅವಧಿ ಡಿಸೆಂಬರ್ 23ಕ್ಕೆ ತೀರಿತು. ಆಯೋಗ ಒಡೆದಿತ್ತು: ಪೋಲೆಂಡ್, ಚೆಕೊಸ್ಲೊವಾಕಿಯಾ ಒಂದು ಕಡೆ, ಸ್ವೀಡನ್, ಸ್ವಿಟ್ಜರ್‌ಲೆಂಡ್ ಇನ್ನೊಂದು ಕಡೆ. ಬಿಡುಗಡೆ ಮಾಡುವ ಹಕ್ಕೂ ತಮಗಿಲ್ಲ, ಅವಧಿ ಮೀರಿ ಹಿಡಿದಿಡುವ ಹಕ್ಕೂ ಇಲ್ಲ ಎಂದು ತಿಮ್ಮಯ್ಯ 1954ರ ಜನವರಿ 20ರಿಂದ ಕೈದಿಗಳನ್ನು ಮೊದಲು ಹಿಡಿದಿದ್ದವರಿಗೇ ಹಿಂದಿರುಗಿಸಿದರು. ಬೀಜಿಂಗ್ ಪ್ರತಿಭಟಿಸಿತು. ಇದನ್ನು ಕೈಚೆಲ್ಲುವಿಕೆ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ: ಬಹುಪಾಲು ಕೈದಿಗಳು ಮರಳುವುದಿಲ್ಲವೆಂದು ಪಟ್ಟು ಹಿಡಿದಿದ್ದಾಗ ಬಲವಂತಕ್ಕೆ ಇಳಿದಿದ್ದರೆ ಕಾವಲುಗಾರರೇ ಯುದ್ಧದ ಕಕ್ಷಿಯಾಗುತ್ತಿದ್ದರು.

ರಾಯರು ಇದನ್ನು ನೋಡಲು ಉಳಿದಿರಲಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೇ 1953ರ ನವೆಂಬರ್ 30ರಂದು ಜೂರಿಕ್‌ನಲ್ಲಿ ತೀರಿಕೊಂಡಿದ್ದರು. ಯಾವ ಕಡೆಗೂ ಹೋಗಲೊಪ್ಪದ 88 ಕೈದಿಗಳನ್ನು ಭಾರತದ ಪಡೆ 1954ರ ಫೆಬ್ರವರಿಯಲ್ಲಿ ತನ್ನೊಡನೆ ಕರೆತಂದಿತು.